ತಿಪ್ಪೆಯಿಂದ ಪ್ಲಾಸ್ಟಿಕ್ಕಿನವರೆಗೆ: ನಮ್ಮ ಮನೆಗಳ ಕಸದ ಚರಿತ್ರೆ

ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಕಸದ ವಿಚಾರ ಯಾಕಪ್ಪಾ ಎಂದು ಕೆಲವು ಸದಸ್ಯ ಬಾಂಧವರಿಗೆ ಅನ್ನಿಸಬಹುದು. ಹಸು, ಹಾಲು, ಫ್ಯಾಟು, ಬೋನಸ್ಸು ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹಸು ಇರುವ ಮನೆಯಲ್ಲಿ ಕೊಟ್ಟಿಗೆ ಇದ್ದೇ ಇರುತ್ತದೆ, ಕೊಟ್ಟಿಗೆ ಇದ್ದ ಮೇಲೆ ತಿಪ್ಪೆ ಇದ್ದೇ ಇರುತ್ತದೆ. ಸಂಘಕ್ಕೆ ಹಾಲು ಹಾಕುವ ಪ್ರತಿಯೊಂದು ಮನೆಯ ಚರಿತ್ರೆಯೂ ಆ ಮನೆಯ ತಿಪ್ಪೆಯಲ್ಲಿ ಪದರ ಪದರವಾಗಿ ಕೂತಿದೆ. ಕೆಳಗೆ ಅಗೆದರೆ ಬೂದಿ, ಸಗಣಿ, ರಾಗಿ ಹುಲ್ಲಿನ ಕೂಳೆ. ಮೇಲಿನ ಪದರದಲ್ಲಿ ಶಾಂಪೂ ಪೊಟ್ಟಣ, ಹಾಲಿನ ಕವರು, ಬಿಸ್ಕತ್ತಿನ ಕಾಗದ. ಈ ಎರಡು ಪದರಗಳ ನಡುವೆ ಏನೇನು ನಡೆಯಿತು ಎಂಬುದನ್ನು ತಿಳಿಯುವುದು, ಮುಂದೆ ನಾವೇನು ಮಾಡಬೇಕೆಂದು ತೀರ್ಮಾನಿಸುವುದಕ್ಕೆ ಸಹಾಯವಾದೀತು ಎಂಬ ಉದ್ದೇಶದಿಂದ ಈ ಲೇಖನ.

ಹಳೆಯ ಮನೆಯ ಲೆಕ್ಕಾಚಾರ

ಹಿಂದಿನ ಕಾಲದ ರೈತನ ಮನೆಯಿಂದ ಹೊರಗೆ ಬೀಳುತ್ತಿದ್ದ ಕಸ ಯಾವುದು ಎಂದು ಪಟ್ಟಿ ಮಾಡಲು ಹೊರಟರೆ ಪಟ್ಟಿ ಉದ್ದವಾಗುವುದೇ ಇಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ, ಬಸಿದ ಗಂಜಿ ಎಲ್ಲವೂ ಕಲಗಚ್ಚಿನ ಬಾನಿಗೆ ಹೋಗಿ, ಅಲ್ಲಿಂದ ಎಮ್ಮೆಯ ಹೊಟ್ಟೆಗೆ ಹೋಗುತ್ತಿತ್ತು. ಒಲೆಯ ಬೂದಿಗೆ ಮೂರು ನಾಲ್ಕು ಕೆಲಸ: ಪಾತ್ರೆ ಬೆಳಗಲು ಸ್ವಲ್ಪ, ಬಿತ್ತನೆ ಬೀಜಕ್ಕೆ ಹುಳು ಬೀಳದಂತೆ ಬೆರೆಸಲು ಸ್ವಲ್ಪ, ಹಿತ್ತಲ ಅವರೆ ಗಿಡದ ಮೇಲೆ ಎರಚಲು ಸ್ವಲ್ಪ, ಮಿಕ್ಕಿದ್ದು ತಿಪ್ಪೆಗೆ. ತೆಂಗಿನ ಚಿಪ್ಪು ಸೌಟಾಗುತ್ತಿತ್ತು, ಇಲ್ಲವೇ ಒಲೆಗೆ ಹೋಗುತ್ತಿತ್ತು. ಒಡೆದ ಮಡಕೆಯ ತಳದಲ್ಲಿ ಕೋಳಿಗೆ ನೀರು ಇಡುತ್ತಿದ್ದರು.

ಬಟ್ಟೆಯ ವಿಷಯ ಕೇಳುವುದೇ ಬೇಡ. ಅಜ್ಜಿಯ ಸೀರೆ ಹಳೆಯದಾದರೆ ಮಗುವಿಗೆ ಜೋಲಿಯಾಗುತ್ತಿತ್ತು, ಆಮೇಲೆ ನಾಲ್ಕೈದು ಸೀರೆ ಸೇರಿ ಕೌದಿಯಾಗುತ್ತಿತ್ತು, ಕೌದಿ ಹರಿದ ಮೇಲೆ ಮಸಿಬಟ್ಟೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ಇವತ್ತು ಪಟ್ಟಣದವರು ಕಲೆಯೆಂದು ಹಣ ಕೊಟ್ಟು ಕೊಳ್ಳುತ್ತಾರೆ. ಅದು ಹುಟ್ಟಿದ್ದು ಹಳೇ ಬಟ್ಟೆ ಬಿಸಾಡಲು ಮನಸ್ಸು ಬಾರದ ಕಾರಣಕ್ಕೆ. ಅಂಗಡಿಯಿಂದ ಬೇಳೆ ಬೆಲ್ಲ ಬರುತ್ತಿದ್ದದ್ದು ಹಳೇ ಪೇಪರಿನ ಪೊಟ್ಟಣದಲ್ಲಿ. ಸೀಮೆಎಣ್ಣೆಗೆ ಮನೆಯಿಂದಲೇ ಡಬ್ಬಿ, ಕಡಲೆಕಾಯಿ ಎಣ್ಣೆಗೆ ಮನೆಯಿಂದಲೇ ಸೀಸೆ. ಪೊಟ್ಟಣಕ್ಕೆ ಸುತ್ತಿದ ದಾರವನ್ನು ಕೂಡ ಬಿಚ್ಚಿ ಉಂಡೆ ಸುತ್ತಿಡುತ್ತಿದ್ದರು. ಕಲಾಯಿಯವರು, ಕೊಡೆ ರಿಪೇರಿಯವರು, ಹಳೇ ಕಬ್ಬಿಣಕ್ಕೆ ಕಡಲೆಮಿಠಾಯಿ ಕೊಡುವವರು, ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಹೀಗೆ ಊರೂರು ತಿರುಗುವ ಜನರಿದ್ದರು. ಮರುಬಳಕೆ ಎಂಬ ಮಾತು ಆಗ ಇರಲಿಲ್ಲ, ಆ ಕೆಲಸ ಮಾತ್ರ ದಿನವೂ ನಡೆಯುತ್ತಿತ್ತು.

ಇದೆಲ್ಲ ಆದ ಮೇಲೂ ಮಿಕ್ಕಿದ್ದು ತಿಪ್ಪೆಗೆ. ಕೊಟ್ಟಿಗೆಯ ಸಗಣಿ, ಗಂಜಲ ಹೀರಿದ ಹುಲ್ಲು, ಗುಡಿಸಿದ ಎಲೆ, ಬೂದಿ ಎಲ್ಲವೂ ವರ್ಷಪೂರ್ತಿ ಅಲ್ಲಿ ಜಮೆಯಾಗುತ್ತಿದ್ದವು. ಯುಗಾದಿ ಕಳೆದು ಹೊನ್ನಾರು ಕಟ್ಟುವ ಹೊತ್ತಿಗೆ ಮಂಕರಿಗಳಲ್ಲಿ ತುಂಬಿ, ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಬ್ಯಾಂಕಿನ ಉಳಿತಾಯ ಖಾತೆ ಕಂಡಿಲ್ಲದ ಜನಕ್ಕೆ ತಿಪ್ಪೆಯೇ ಉಳಿತಾಯ ಖಾತೆ. ಅಣ್ಣತಮ್ಮಂದಿರು ಭಾಗವಾದಾಗ ಪಾಲುಪಟ್ಟಿಯಲ್ಲಿ ಹಿತ್ತಲಿನ ಜೊತೆಗೆ ತಿಪ್ಪೆಯ ಜಾಗವನ್ನೂ ಬರೆಸುವ ವಾಡಿಕೆ ಇತ್ತು. ದೀಪಾವಳಿಯಲ್ಲಿ ದೇವರ ಮುಂದೆ, ಹೊಸ್ತಿಲ ಮುಂದೆ ದೀಪ ಹಚ್ಚಿದ ಕೈ ತಿಪ್ಪೆಯ ಮೇಲೂ ಒಂದು ದೀಪ ಇಟ್ಟು ಬರುವುದು ನಮ್ಮ ಸೀಮೆಯಲ್ಲಿ ಮೊದಲಿನಿಂದ ಬಂದ ಪದ್ಧತಿ. ತಿಪ್ಪೆಯನ್ನು ಲಕ್ಷ್ಮಿ ಎಂದು ಕಂಡ ಜನ ನಾವು.

ಹಳೆಯದೆಲ್ಲ ಚಿನ್ನವಾಗಿರಲಿಲ್ಲ

ಹಾಗೆಂದು ಹಿಂದಿನದನ್ನೆಲ್ಲ ಹೊಗಳಿ ತಿಪ್ಪೆ ಸಾರಿಸುವುದು ಸರಿಯಲ್ಲ. ತಿಪ್ಪೆ ಮನೆಯ ಪಕ್ಕದಲ್ಲೇ ಇರುತ್ತಿತ್ತು, ನೊಣ ಸೊಳ್ಳೆ ಅಲ್ಲೇ ಹುಟ್ಟುತ್ತಿದ್ದವು. ಮಳೆಗೆ ಸಾರವೆಲ್ಲ ತೊಳೆದು ಬೀದಿಗೆ ಹರಿಯುತ್ತಿತ್ತು, ಬಿಸಿಲಿಗೆ ಸಾರಜನಕ ಗಾಳಿಗೆ ಹೋಗುತ್ತಿತ್ತು. ಅರ್ಧ ಸಗಣಿ ಬೆರಣಿಯಾಗಿ ಒಲೆಗೆ ಹೋದರೆ ಗೊಬ್ಬರಕ್ಕೆ ಉಳಿಯುತ್ತಿದ್ದದ್ದು ಇನ್ನರ್ಧ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಊರಿನ ಮತ್ತು ಪಟ್ಟಣದ ಅತ್ಯಂತ ಹೊಲಸಾದ ಕಸವನ್ನು ತೆಗೆಯುವ ಕೆಲಸವನ್ನು ನಮ್ಮ ಸಮಾಜ ಕೆಲವೇ ಜಾತಿಯವರ ತಲೆಗೆ ಕಟ್ಟಿತ್ತು. ಇದು ಬರೀ ಮಾತಿಗೆ ಹೇಳುವ ತಲೆಯಲ್ಲ. ಪಟ್ಟಣಗಳಲ್ಲಿ ಮಲವನ್ನು ಬಕೆಟ್ಟಿನಲ್ಲಿ ತುಂಬಿ ನಿಜವಾಗಿಯೂ ತಲೆಯ ಮೇಲೆ ಹೊರಬೇಕಾಗಿತ್ತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಈ ಅನಿಷ್ಟವನ್ನು ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯವಾಗುವ ಕಾಯ್ದೆ ಬಂದದ್ದು 1993ರಲ್ಲಿ, ಅದಕ್ಕಿಂತ ಬಿಗಿಯಾದ ಕಾಯ್ದೆ 2013ರಲ್ಲಿ. ಕಸದಿಂದ ರಸ ಎಂದು ಹೇಳುವಾಗ, ಆ ಕಸವನ್ನು ಯಾರ ಕೈಯಿಂದ ಎತ್ತಿಸಿದೆವು ಎಂಬುದನ್ನು ಮರೆಯಬಾರದು. ಇವತ್ತಿಗೂ ನಾವು ಬೆರೆಸಿ ಬಿಸಾಡಿದ್ದನ್ನು ಇನ್ನೊಬ್ಬರು ಕೈ ಹಾಕಿ ಬಿಡಿಸಬೇಕಾಗಿದೆ.

ಇಂದೋರು, ಬೆಂಗಳೂರು, ವಾರ್ಧಾ

ತಿಪ್ಪೆಯನ್ನು ವಿಜ್ಞಾನ ಗಂಭೀರವಾಗಿ ನೋಡಿದ್ದು ಸುಮಾರು ನೂರು ವರ್ಷದ ಹಿಂದೆ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿ 1924ರಿಂದ 1931ರವರೆಗೆ ಮಧ್ಯ ಭಾರತದ ಇಂದೋರಿನಲ್ಲಿದ್ದರು. ಅಲ್ಲಿ ಯಶವಂತ ವಾಡ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಬೆಳೆಯ ಉಳಿಕೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಇವುಗಳನ್ನು ಪದರವಾಗಿ ಹಾಕಿ, ಗಾಳಿಯಾಡುವಂತೆ ಆಗಾಗ ತಿರುವಿ ಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆಂದು ತೋರಿಸಿದರು. ಅದೇ ‘ಇಂದೋರ್ ಪದ್ಧತಿ’. ನಮ್ಮ ದೇಶದ ರೈತರನ್ನೇ ತಮ್ಮ ಗುರುಗಳೆಂದು ಹೋವರ್ಡ್ ಹೇಳಿಕೊಂಡರು. ಇವತ್ತು ಜಗತ್ತಿನಲ್ಲಿ ಸಾವಯವ ಕೃಷಿ ಎನ್ನುವ ಮಾತಿನ ಬೇರಿನಲ್ಲಿ ಈ ಕೆಲಸ ಇದೆ.

ಇಂದೋರ್ ಪದ್ಧತಿಗೆ ಆಳು ಹೆಚ್ಚು ಬೇಕು, ತಿರುವಿ ಹಾಕುವ ಕೆಲಸ ಇದೆ. ಇದಕ್ಕೊಂದು ಸುಲಭದ ದಾರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮದಲ್ಲಿ ಗುಂಡಿ ತೋಡಿ, ಕಸದ ಪದರ ಮತ್ತು ಮಲ ಅಥವಾ ಸಗಣಿಯ ಪದರವನ್ನು ಒಂದರ ಮೇಲೊಂದು ಹಾಕಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮೊದಲ ಕೆಲವು ದಿನ ಒಳಗೆ ಶಾಖ ಏರಿ ನೊಣದ ಮರಿಗಳೂ ರೋಗಾಣುಗಳೂ ಸಾಯುತ್ತವೆ. ಆಮೇಲೆ ನಿಧಾನವಾಗಿ, ಗಾಳಿಯಿಲ್ಲದೆ ಕೊಳೆತು ಆರೆಂಟು ತಿಂಗಳಿಗೆ ಗೊಬ್ಬರ. ತಿರುವಿ ಹಾಕುವ ತಂಟೆಯೂ ಇಲ್ಲ, ಸಾರಜನಕದ ನಷ್ಟವೂ ಕಡಿಮೆ. ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಲ್ಲಿ ಇದು ಇಂದಿಗೂ ಕೃಷಿ ಪಠ್ಯಪುಸ್ತಕಗಳಲ್ಲಿದೆ. ಎರಡನೇ ಮಹಾಯುದ್ಧದ ಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಲ್ಲಿ ಕಾಂಪೋಸ್ಟಿಗೆ ದೇಶದ ಪಟ್ಟಣಗಳಲ್ಲಿ ಪ್ರಚಾರ ಸಿಕ್ಕಿತು.

ಅದೇ ಕಾಲದಲ್ಲಿ ಗಾಂಧೀಜಿಯವರು ವಾರ್ಧಾದ ಬಳಿಯ ಸಿಂದಿ ಎಂಬ ಹಳ್ಳಿಯ ಬೀದಿ ಗುಡಿಸುವ ಕೆಲಸಕ್ಕೆ ತಮ್ಮ ಸಂಗಡಿಗರೊಂದಿಗೆ ಇಳಿದಿದ್ದರು. ಅದು 1935ರ ಮಾತು. ‘ಹರಿಜನ’ ಪತ್ರಿಕೆಯಲ್ಲಿ ಇಂದೋರ್ ಪದ್ಧತಿಯ ಬಗ್ಗೆ ಬರೆದರು. 1947ರ ಡಿಸೆಂಬರಿನಲ್ಲಿ, ದೇಶ ವಿಭಜನೆಯ ಉರಿಯಲ್ಲಿ ಬೇಯುತ್ತಿದ್ದಾಗಲೂ, ಮೀರಾಬೆಹನ್ ಅವರ ಪ್ರಯತ್ನದಿಂದ ದೆಹಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನ ಸೇರಿತು. ಅಷ್ಟು ದೊಡ್ಡ ಸಂಕಟದ ನಡುವೆ ಗೊಬ್ಬರದ ಬಗ್ಗೆ ಸಭೆಯೇ ಎಂದು ಇಂದಿನವರು ಕೇಳಬಹುದು. ಹಸಿದ ದೇಶಕ್ಕೆ ಅನ್ನ ಮಣ್ಣಿನಿಂದ ಬರಬೇಕು, ಮಣ್ಣಿಗೆ ಅನ್ನ ತಿಪ್ಪೆಯಿಂದ ಹೋಗಬೇಕು ಎಂಬುದು ಅವರಿಗೆ ಗೊತ್ತಿತ್ತು.

ಗಮನಿಸಬೇಕಾದ ಅಂಶ ಒಂದೇ. ಇಂದೋರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಗುಂಡಿಗೆ ಹಾಕಿದ್ದೆಲ್ಲ ಬಹುಪಾಲು ಕೊಳೆಯುವ ವಸ್ತುವೇ ಆಗಿತ್ತು. ಬೇರ್ಪಡಿಸುವ ಕೆಲಸ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಯಾಕೆಂದರೆ ಬೇರ್ಪಡಿಸಲು ಏನೂ ಇರಲಿಲ್ಲ.

ತಿಪ್ಪೆಯ ಮರ್ಯಾದೆ ಇಳಿದದ್ದು

1960ರ ದಶಕದ ನಡುಭಾಗದಿಂದ ಹೆಚ್ಚು ಇಳುವರಿ ತಳಿಗಳು ಬಂದವು. ಅವುಗಳ ಜೊತೆಗೆ ರಸಗೊಬ್ಬರ ಬಂತು. ಸಹಕಾರಿಗಳದೇ ಆದ ಇಫ್ಕೋ 1967ರಲ್ಲಿ ಸ್ಥಾಪನೆಯಾಯಿತು. ಸಂಘದ ಗೋದಾಮಿನಿಂದ ಒಂದು ಮೂಟೆ ಯೂರಿಯಾ ಹೊತ್ತು ತಂದರೆ ವಾರದಲ್ಲಿ ಪೈರು ಹಸಿರಾಗುತ್ತದೆ ಎಂದ ಮೇಲೆ ಇಪ್ಪತ್ತು ಗಾಡಿ ಗೊಬ್ಬರ ಹೊಡೆಯುವ ಕಷ್ಟ ಯಾರಿಗೆ ಬೇಕು? ದೇಶಕ್ಕೆ ಅನ್ನ ಸಿಕ್ಕಿತು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಿಪ್ಪೆ ಮಾತ್ರ ಲಕ್ಷ್ಮಿಯ ಸ್ಥಾನದಿಂದ ಕೆಳಗಿಳಿದು, ಬೇಡದ್ದನ್ನು ಎಸೆಯುವ ಜಾಗವಾಯಿತು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದಾಗ ಸಗಣಿಯೂ ಕಡಿಮೆಯಾಯಿತು.

ಈ ಇಳಿಜಾರಿನ ನಡುವೆಯೂ ಒಳ್ಳೆಯ ಪ್ರಯತ್ನಗಳು ನಡೆದವು. ಕೇಂದ್ರ ಸರ್ಕಾರ 1980ರ ದಶಕದ ಆರಂಭದಲ್ಲಿ ಗೋಬರ್ ಗ್ಯಾಸಿಗೆ ರಾಷ್ಟ್ರೀಯ ಯೋಜನೆ ಹಾಕಿತು. 1984ರಲ್ಲಿ ಕಡಿಮೆ ಖರ್ಚಿನ ‘ದೀನಬಂಧು’ ಮಾದರಿ ಬಂತು. ಸಗಣಿಯಿಂದ ಒಲೆಗೆ ಉರಿಯೂ ಉಂಟು, ಸ್ಲರಿಯಿಂದ ಹೊಲಕ್ಕೆ ಗೊಬ್ಬರವೂ ಉಂಟು ಎಂದಾಯಿತು. ಬೆರಣಿ ಸುಟ್ಟರೆ ಸಿಗುವುದು ಒಂದು ಲಾಭ, ಗ್ಯಾಸಿನ ಗುಂಡಿಗೆ ಹಾಕಿದರೆ ಎರಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತವರ ಸಂಗಡಿಗರು ಎರೆಹುಳುಗಳ ಮೇಲೆ ನಡೆಸಿದ ಅಧ್ಯಯನದಿಂದ ಎರೆಗೊಬ್ಬರ ರೈತರ ಮನೆಮಾತಾಯಿತು.

ಸಹಕಾರದ ದೃಷ್ಟಿಯಿಂದ ನೋಡಿದರೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯ ಕಥೆ ನಮಗೆ ಬಹಳ ಹತ್ತಿರದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಮತ್ತಿತರರು ಹಳ್ಳಿಗಳಿಗಾಗಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರ ಅಲ್ಲಿ ಇಡೀ ಊರಿಗೆ ಸೇರಿದ ಒಂದು ಗೋಬರ್ ಗ್ಯಾಸ್ ಸ್ಥಾವರ ನಡೆಸಿತು. ಮನೆಮನೆಯವರು ಸಗಣಿ ತಂದು ಕೊಡುತ್ತಿದ್ದರು, ಅದನ್ನು ತೂಕ ಮಾಡಿ ತೆಗೆದುಕೊಳ್ಳುತ್ತಿದ್ದರು. ಆ ಅನಿಲದಿಂದ ಎಂಜಿನ್ ಓಡಿ 1980ರ ದಶಕದ ಕೊನೆಗೆ ಊರಿಗೆ ಕೊಳವೆಬಾವಿ ನೀರೂ ಮನೆಗಳಿಗೆ ದೀಪವೂ ಬಂದವು. ಗ್ಯಾಸ್ ತೆಗೆದ ಮೇಲಿನ ಗೊಬ್ಬರ ಸಗಣಿ ಕೊಟ್ಟವರಿಗೇ ವಾಪಸ್ಸು. ಬೆಳಿಗ್ಗೆ ಸಂಜೆ ನಮ್ಮ ಡೈರಿಯ ಮುಂದೆ ಹಾಲಿಗೆ ಆಗುವುದು ಅಲ್ಲಿ ಸಗಣಿಗೆ ಆಗುತ್ತಿತ್ತು. ಒಬ್ಬೊಬ್ಬರ ಮನೆಯಲ್ಲಿ ಇದ್ದಾಗ ಬರೀ ಸಗಣಿ, ಊರೆಲ್ಲ ಸೇರಿಸಿದಾಗ ನೀರು ಮತ್ತು ಬೆಳಕು.

ಕೊಳೆಯದ ಕಸ ಬಂತು

ತಿಪ್ಪೆಯನ್ನು ನಿಜವಾಗಿ ಕೆಡಿಸಿದ್ದು ರಸಗೊಬ್ಬರವಲ್ಲ, ಪ್ಲಾಸ್ಟಿಕ್. ನಮ್ಮ ದೇಶದಲ್ಲಿ ಪ್ಲಾಸ್ಟಿಕ್ಕಿನ ಕಚ್ಚಾ ವಸ್ತು ತಯಾರಿಕೆ 1957ರಲ್ಲಿ ಆರಂಭವಾಯಿತು. ಮೊದಮೊದಲು ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ಟು ಬಂದಾಗ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರವೇ ಆಯಿತು. ಹಿತ್ತಾಳೆ ಬಿಂದಿಗೆ ಹೊತ್ತು ಸೊಂಟ ಬಿದ್ದವರಿಗೆ ಅದು ಹಗುರ. ಒಡೆದ ಬಿಂದಿಗೆಯನ್ನು ಗುಜರಿಯವನು ಕೊಳ್ಳುತ್ತಿದ್ದ. ಅಲ್ಲಿಯವರೆಗೆ ತೊಂದರೆ ಇರಲಿಲ್ಲ.

ತೊಂದರೆ ಬಂದದ್ದು ಒಂದೇ ಸಲ ಬಳಸಿ ಎಸೆಯುವ ಪೊಟ್ಟಣದಿಂದ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿಕೃಷ್ಣನ್ ಎಂಬುವವರು ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ತುಂಬುವ ಯೋಚನೆ ಮಾಡಿದರು. ಅವರ ಕುಟುಂಬದವರೇ 1983ರಲ್ಲಿ ‘ಚಿಕ್’ ಶಾಂಪೂ ತಂದರು. ಸೀಗೆಕಾಯಿ ಕುಟ್ಟುವ ಹಳ್ಳಿಯ ಕೂಲಿ ಹೆಣ್ಣುಮಗಳಿಗೂ ಚಿಲ್ಲರೆ ಕಾಸಿಗೆ ಶಾಂಪೂ ಸಿಕ್ಕಿತು. ಬಡವರಿಗೆ ಅನುಕೂಲವಾದದ್ದನ್ನು ಹೀಗಳೆಯುವಂತಿಲ್ಲ. ಆಮೇಲೆ ಕಾಫಿಪುಡಿ, ಉಪ್ಪಿನಕಾಯಿ, ಸಾಂಬಾರ್ ಪುಡಿ, ಪಾನ್ ಮಸಾಲೆ, ಚಿಪ್ಸು ಎಲ್ಲವೂ ಅದೇ ದಾರಿ ಹಿಡಿದವು. ಈ ಪೊಟ್ಟಣದ ಹಾಳೆಯಲ್ಲಿ ಒಂದು ಪದರವಿಲ್ಲ, ಹಲವು ಪದರ ಅಂಟಿಸಿರುತ್ತಾರೆ. ಬಿಡಿಸಲು ಆಗುವುದಿಲ್ಲ, ಕರಗಿಸಿ ಬೇರೆ ವಸ್ತು ಮಾಡುವುದೂ ಕಷ್ಟ. ಆದ್ದರಿಂದ ಗುಜರಿಯವನಿಗೂ ಬೇಡ. ಕಬ್ಬಿಣಕ್ಕೆ ಬೆಲೆ ಇದೆ, ಪೇಪರಿಗೆ ಇದೆ, ಬಾಟಲಿಗೆ ಇದೆ. ಬೆಲೆಯೇ ಇಲ್ಲದ ವಸ್ತುವೊಂದು ನಮ್ಮ ಮನೆಗಳಿಗೆ ಬಂದದ್ದು ಇದೇ ಮೊದಲು.

ಹಾಲಿನ ಕಥೆಯೂ ಹೀಗೆಯೇ. ಪಟ್ಟಣಗಳ ಡೈರಿಗಳು ಆರಂಭದಲ್ಲಿ ಗಾಜಿನ ಬಾಟಲಿಯಲ್ಲಿ ಹಾಲು ಹಂಚುತ್ತಿದ್ದವು. ಖಾಲಿ ಬಾಟಲಿ ಮರುದಿನ ವಾಪಸ್ಸು. ಬಾಟಲಿಯ ಜಾಗಕ್ಕೆ ಪಾಲಿಥೀನ್ ಕವರು ಬಂದ ಮೇಲೆ ಹಾಲು ದೂರದೂರಿಗೂ ಹೋಗಲು ಸಾಧ್ಯವಾಯಿತು, ಅದರ ಲಾಭ ನಮ್ಮ ಸಂಘಗಳಿಗೂ ಸಿಕ್ಕಿತು. ನಾವು ಕ್ಯಾನಿನಲ್ಲಿ ಕಳಿಸಿದ ಹಾಲು ಕವರಿನಲ್ಲಿ ನಮ್ಮೂರ ಟೀ ಅಂಗಡಿಗೇ ವಾಪಸ್ಸು ಬರುತ್ತದೆ. ಈ ಕವರಿಗಾದರೂ ಗುಜರಿಯಲ್ಲಿ ಬೆಲೆ ಉಂಟು, ತೊಳೆದು ಒಣಗಿಸಿ ಕೊಟ್ಟರೆ ಮಾತ್ರ.

ಮಂಡೂರು ಹೇಳುವ ಪಾಠ

ಕಸ ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಅಂಚಿನ ಎರಡು ಊರುಗಳ ಹೆಸರು ಸಾಕು, ಮಾವಳ್ಳಿಪುರ ಮತ್ತು ಮಂಡೂರು. ಮಹಾನಗರದ ಮನೆಗಳಿಂದ ಹಸಿ ಕಸ ಒಣ ಕಸ ಒಟ್ಟಿಗೆ ತುಂಬಿದ ಲಾರಿಗಳು ದಿನವೂ ಈ ಊರುಗಳ ಹೊಲದ ಪಕ್ಕ ಸುರಿದು ಹೋಗುತ್ತಿದ್ದವು. ಬೆರೆತ ಕಸದ ಗುಡ್ಡದೊಳಗೆ ಗಾಳಿಯಿಲ್ಲದೆ ಕೊಳೆತದ್ದರಿಂದ ಮೀಥೇನ್ ಅನಿಲ ಹುಟ್ಟುತ್ತದೆ, ಬೆಂಕಿ ಹೊತ್ತುತ್ತದೆ. ಮಳೆ ನೀರು ಗುಡ್ಡದ ಒಳಗಿಂದ ಇಳಿದು ಕಪ್ಪು ರಸವಾಗಿ ಬಾವಿಗೆ, ಕೆರೆಗೆ ಸೇರುತ್ತದೆ. ಇದೇ ಮೀಥೇನ್ ಪುರದಲ್ಲಿ ದೀಪವಾಗಿತ್ತು ಎಂಬುದನ್ನು ನೆನೆಯಿರಿ. ಅಲ್ಲಿ ಶುದ್ಧ ಸಗಣಿ, ಇಲ್ಲಿ ಬೆರೆತ ಕಸ. ಇಷ್ಟೇ ವ್ಯತ್ಯಾಸ.

ಊರಿನವರ ಪ್ರತಿಭಟನೆಯಿಂದ ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಆಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆಯಾಗಿ, ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು ಹೈಕೋರ್ಟು ಹೇಳಬೇಕಾಯಿತು. ಮಂಡೂರಿನವರು ರಸ್ತೆಗೆ ಕೂತು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಯೂ ನಿಂತಿತು. ಲಾರಿ ನಿಂತರೂ ಗುಡ್ಡ ಮಾಯವಾಗಲಿಲ್ಲ. ಊಟ ಮಾಡಿದವರು ಪಟ್ಟಣದವರು, ಎಂಜಲೆಲೆಯ ಗುಡ್ಡ ಮಾತ್ರ ಹಳ್ಳಿಯವರ ಪಾಲು. ಪಟ್ಟಣದವರನ್ನು ನಾವು ಬೈಯಬಹುದು, ಬೈಯುವುದು ನ್ಯಾಯವೂ ಹೌದು. ಆದರೆ ಈಗ ಪ್ರತಿಯೊಂದು ಹಳ್ಳಿಯ ಹೊರವಲಯದಲ್ಲೂ, ಕೆರೆ ಏರಿಯ ಕೆಳಗೂ ಒಂದೊಂದು ಸಣ್ಣ ಮಂಡೂರು ಬೆಳೆಯುತ್ತಿದೆ. ಅದಕ್ಕೆ ಸುರಿದವರು ಹೊರಗಿನವರಲ್ಲ.

ಕಾನೂನು, ಪಂಚಾಯಿತಿ, ಸಹಕಾರ

ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರ ಫಲವಾಗಿ 2000ನೇ ಇಸವಿಯಲ್ಲಿ, ಅಂದರೆ ನಮ್ಮ ಸಂಘ ಹುಟ್ಟಿದ ಆಸುಪಾಸಿನಲ್ಲೇ, ದೇಶದಲ್ಲಿ ಮೊದಲ ಬಾರಿಗೆ ಘನತ್ಯಾಜ್ಯದ ನಿಯಮಗಳು ಬಂದವು. ಅವು ನಗರಸಭೆ ಪುರಸಭೆಗಳಿಗೆ ಮಾತ್ರ. ಹಳ್ಳಿಯಲ್ಲಿ ಕಸವೇ ಇಲ್ಲ ಎಂದು ಸರ್ಕಾರವೂ ನಂಬಿತ್ತು, ನಾವೂ ನಂಬಿದ್ದೆವು. 2016ರಲ್ಲಿ ಹೊಸ ನಿಯಮಗಳು ಬಂದು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಮೂರು ಭಾಗ ಮಾಡಬೇಕೆಂದವು. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸು ಮುಂತಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂತು. ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತ 2020ರಲ್ಲಿ ಶುರುವಾದಾಗ ಹಳ್ಳಿಯ ಕಸವೂ ಅದರ ಕೆಲಸದ ಪಟ್ಟಿಗೆ ಸೇರಿತು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ಸಂಕೀರ್ಣ’ ಎಂಬ ಘಟಕಗಳೂ, ಮನೆ ಬಾಗಿಲಿಗೆ ಬರುವ ಗಾಡಿಗಳೂ ಬಂದವು. ಎಷ್ಟೋ ಕಡೆ ಆ ಗಾಡಿ ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು ಬಿಡಿಸಿ ಮಾರುವ ದೊಡ್ಡ ಘಟಕ ಕೆಲಸ ಮಾಡಿ ತೋರಿಸಿದೆ. ಒಂದೊಂದು ಪಂಚಾಯಿತಿಯ ಒಣ ಕಸ ಲಾರಿ ತುಂಬುವುದಿಲ್ಲ, ಕೊಳ್ಳುವವನು ಬರುವುದಿಲ್ಲ. ಹತ್ತಾರು ಊರು ಸೇರಿದರೆ ಲಾರಿಯೂ ತುಂಬುತ್ತದೆ, ಬೆಲೆಯೂ ಬರುತ್ತದೆ.

ಇದು ಸಹಕಾರ ತತ್ವವೇ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯವರನ್ನು ಸೇರಿಸಿ ಪತ್ತಿನ ಸಂಘ ಕಟ್ಟಿದ್ದು, ಒಬ್ಬೊಬ್ಬರ ಕಾಸು ಒಟ್ಟಾದರೆ ಬಂಡವಾಳ ಎಂದು ತಿಳಿದೇ. ಕಸದಲ್ಲೂ ಸಹಕಾರ ಸಂಘ ಆಗಿದೆ. ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲಿ ಒಗ್ಗೂಡಿ ತಮ್ಮ ಸಂಘಟನೆ ಕಟ್ಟಿಕೊಂಡರು. ಅದರಿಂದ ಬೆಳೆದ ‘ಸ್ವಚ್ಛ್’ ಎಂಬ ಸಹಕಾರ ಸಂಘ 2008ರಲ್ಲಿ ಅಲ್ಲಿನ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಬೇರ್ಪಡಿಸಿದ ಕಸ ಪಡೆಯುವ ಕೆಲಸಕ್ಕಿಳಿಯಿತು. ತೊಟ್ಟಿಯೊಳಗೆ ಕೈ ಹಾಕುತ್ತಿದ್ದ ಹೆಣ್ಣುಮಕ್ಕಳು ಸಂಘದ ಸದಸ್ಯರಾಗಿ, ಗುರುತಿನ ಚೀಟಿ ಹಾಕಿಕೊಂಡು ಬಾಗಿಲಿಗೆ ಬರುವಂತಾಯಿತು. ಕಸ ಬೇರೆಯಾದಾಗ ಕಸ ಎತ್ತುವವರ ಮರ್ಯಾದೆಯೂ ಉಳಿಯಿತು.

ಹಾಲಿನ ಕ್ಯಾನು ಕಲಿಸಿದ್ದು

ಈಗ ನಮ್ಮ ಸಂಘದ ಮಾತಿಗೆ ಬರೋಣ. ಬೇರ್ಪಡಿಸುವುದು ಕಷ್ಟ, ಜನ ಒಪ್ಪಲ್ಲ ಅಂತಾರೆ. ಹಾಲಿನ ಸಂಘದವರು ಈ ಮಾತು ಒಪ್ಪಬೇಕಾಗಿಲ್ಲ. ಒಬ್ಬರ ಮನೆಯ ಹುಳಿ ಹಾಲು ಒಂದು ಲೀಟರ್ ಬೆರೆತರೆ ಇಡೀ ಕ್ಯಾನು ಕೆಡುತ್ತದೆ ಎಂದು ನಮಗೆ ಗೊತ್ತು. ಅದಕ್ಕೇ ತಾನೆ ಒಬ್ಬೊಬ್ಬರ ಹಾಲನ್ನೂ ಬೇರೆ ಬೇರೆ ನೋಡಿ, ಡಿಗ್ರಿ ಫ್ಯಾಟು ಬರೆದು, ಆಮೇಲೆ ಸುರಿಯುವುದು? ಬೆಳಗಿನ ಹಾಲನ್ನು ಸಂಜೆಯ ಹಾಲಿಗೆ ಬೆರೆಸಬೇಡಿ, ಕೆಚ್ಚಲು ಬಾವು ಇರುವ ಹಸುವಿನ ಹಾಲು ತರಬೇಡಿ ಎಂದಾಗ ಮೊದಲ ದಿನಗಳಲ್ಲಿ ಯಾರಾದರೂ ಗೊಣಗಿದ್ದರೂ ಈಗ ಅದು ಅಭ್ಯಾಸ. ಕಸಕ್ಕೂ ಇದೇ ಶಿಸ್ತು. ಬೆರೆಯುವ ಮೊದಲು ಬಿಡಿಸುವುದು ಎರಡು ನಿಮಿಷದ ಕೆಲಸ, ಬೆರೆತ ಮೇಲೆ ಬಿಡಿಸುವುದು ಎರಡು ತಲೆಮಾರಿನ ಕೆಲಸ.

ಹಾಲು ಹಾಕುವವರಿಗೆ ಇದರಲ್ಲಿ ನೇರವಾದ ಸ್ವಾರ್ಥವೂ ಇದೆ. ಊಟದ ಎಂಜಲನ್ನು ಕವರಿನಲ್ಲಿ ಗಂಟು ಕಟ್ಟಿ ಎಸೆದರೆ ಹಸು ಗಂಟು ಬಿಚ್ಚಿ ತಿನ್ನುವುದಿಲ್ಲ, ಕವರ್ ಸಮೇತ ನುಂಗುತ್ತದೆ. ಅದು ಮೊದಲ ಹೊಟ್ಟೆಯಲ್ಲಿ ಕರಗದೆ, ಮುಂದಕ್ಕೂ ಹೋಗದೆ ಉಂಡೆ ಕಟ್ಟುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕೊನೆಗೆ ವೈದ್ಯರು ಹೊಟ್ಟೆ ಕೊಯ್ಯಬೇಕಾಗುತ್ತದೆ. ಇನ್ನು ಕೆಲ ಮನೆಗಳಲ್ಲಿ ಪ್ಲಾಸ್ಟಿಕ್ಕನ್ನು ತಿಪ್ಪೆ ಮೇಲೆ ರಾಶಿ ಹಾಕಿ, ಬೆಂಕಿ ಕೊಟ್ಟು ಪೀಡೆ ತೊಲಗಿತು ಎನ್ನುತ್ತಾರೆ. ತೊಲಗುವುದಿಲ್ಲ. ಕಡಿಮೆ ಶಾಖದಲ್ಲಿ, ಅದರಲ್ಲೂ ಪಿವಿಸಿ ಬೆರೆತ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟಿ, ಹೊಗೆಯ ಜೊತೆ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ. ಇದು ಕೊಬ್ಬಿನಲ್ಲಿ ಕರಗುವ ವಿಷ. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿನ ಕೊಬ್ಬಿಗೆ ಬರುತ್ತದೆ. ಯಾವ ಫ್ಯಾಟಿಗೆ ನಮಗೆ ದುಡ್ಡು ಬರುತ್ತದೋ ಅದರೊಳಗೇ ಇದೂ ಸೇರುತ್ತದೆ, ಆ ಹಾಲನ್ನು ಮೊದಲು ಕುಡಿಯುವವರು ನಮ್ಮ ಮನೆಯ ಮಕ್ಕಳು.

ಮಾಡಬೇಕಾದದ್ದು ಏನು? ಮೊದಲನೆಯದು, ತಿಪ್ಪೆಗೆ ಕೊಳೆಯುವುದು ಮಾತ್ರ. ಇದೊಂದು ನಿಯಮ ಪಾಲಿಸಿದರೆ ಹಸಿ ಕಸಕ್ಕೆ ಯಾವ ಗಾಡಿಯೂ ಬೇಡ. ಗುಂಡಿಯಲ್ಲಿ ಒಂದು ಪದರ ಹಸಿ, ಒಂದು ಪದರ ಒಣ ಎಲೆ, ಮೇಲೆ ತೆಳುವಾಗಿ ಸಗಣಿ ಮಣ್ಣು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಇರಲಿ. ಎರಡನೆಯದು, ಒಣ ಕಸಕ್ಕೆ ಅಡುಗೆಮನೆಯ ಮೊಳೆಗೆ ಒಂದು ಚೀಲ ತೂಗುಹಾಕಿ. ಹಾಲಿನ ಕವರು ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಕಿತ್ತು ಬಿಸಾಡದೆ ಕವರಿಗೇ ಅಂಟಿಕೊಂಡಿರುವಂತೆ ಬಿಡಿ. ಆ ಚೂರನ್ನು ಯಾರೂ ಆರಿಸಲಾರರು. ಮೂರನೆಯದು, ರಾಸುಗಳಿಗೆ ಚುಚ್ಚಿದ ಸೂಜಿ, ಔಷಧಿ ಸೀಸೆ, ಕ್ರಿಮಿನಾಶಕದ ಡಬ್ಬಿ, ಹಳೇ ಬ್ಯಾಟರಿ ಇವು ತಿಪ್ಪೆಗೂ ಹೋಗಬಾರದು, ಒಣ ಕಸದ ಚೀಲಕ್ಕೂ ಹೋಗಬಾರದು. ಬೇರೆ ಇಟ್ಟು, ಇದು ಅಪಾಯದ್ದು ಎಂದು ಹೇಳಿ ಪಂಚಾಯಿತಿಯ ಗಾಡಿಗೆ ಕೊಡಬೇಕು. ಬರಿಗಾಲಿನಲ್ಲಿ ತಿಪ್ಪೆ ತುಳಿದು ಗೊಬ್ಬರ ತುಂಬುವವರ ಪಾದವನ್ನು ನೆನೆಸಿಕೊಂಡರೆ ಇದಕ್ಕೆ ಬೇರೆ ಕಾರಣ ಬೇಕಿಲ್ಲ.

ನಾಲ್ಕನೆಯದು ಸಂಘ ಮಾಡಬಹುದಾದದ್ದು. ದಿನಕ್ಕೆ ಎರಡು ಸಲ ಸದಸ್ಯರು ತಾವಾಗಿಯೇ ಬಂದು ಸಾಲು ನಿಲ್ಲುವ ಇನ್ನೊಂದು ಸಂಸ್ಥೆ ಊರಿನಲ್ಲಿ ಇಲ್ಲ. ತಿಂಗಳಿಗೊಂದು ದಿನ, ಬಟವಾಡೆಯ ದಿನವೇ ಆಗಲಿ, ತೊಳೆದು ಒಣಗಿಸಿದ ಹಾಲಿನ ಕವರು ಮತ್ತು ಹಿಂಡಿ ಚೀಲಗಳನ್ನು ಡೈರಿಯ ಬಳಿ ಸಂಗ್ರಹಿಸಿ ಪಂಚಾಯಿತಿಯ ಘಟಕಕ್ಕೆ ಒಪ್ಪಿಸಬಹುದು. ಸರ್ವ ಸದಸ್ಯರ ಸಭೆಯ ಊಟಕ್ಕೆ ಬಾಳೆ ಎಲೆ ಅಥವಾ ಮುತ್ತುಗದ ಎಲೆ, ಕಾಫಿಗೆ ಸ್ಟೀಲ್ ಲೋಟ, ಸ್ವಾಗತಕ್ಕೆ ಬಟ್ಟೆಯ ಬ್ಯಾನರ್ ಎಂದು ಒಂದು ನಿರ್ಣಯ ಮಾಡಿದರೆ ಖರ್ಚು ಹೆಚ್ಚೇನೂ ಆಗದು. ಸಂಘದಲ್ಲಿ ನಡೆದದ್ದು ಆಮೇಲೆ ಮದುವೆ ಮನೆಯಲ್ಲೂ, ಜಾತ್ರೆಯಲ್ಲೂ ನಡೆಯುತ್ತದೆ.

ತೆನೆ ತೆನೆ ಗೂಡಿದರೆ ಬಳ್ಳ ಎಂಬ ಗಾದೆಯನ್ನು ನಮ್ಮ ಸಂಘ ಹಾಲಿನಲ್ಲಿ ನಿಜ ಮಾಡಿ ತೋರಿಸಿದೆ. ಸುವರ್ಣ ಮಹೋತ್ಸವದ ಹೊತ್ತಿಗೆ ಇನ್ನೂ ಇಪ್ಪತ್ತೈದು ವರ್ಷದ ಗೊಬ್ಬರ ನಮ್ಮ ಹೊಲಗಳಿಗೆ ಹೋಗಿರುತ್ತದೆ. ಆ ಗೊಬ್ಬರದಲ್ಲಿ ಮಣ್ಣಿಗೆ ಬೇಕಾದದ್ದು ಮಾತ್ರ ಇರಬೇಕೋ, ಮಣ್ಣು ಎಂದೂ ಜೀರ್ಣಿಸಿಕೊಳ್ಳಲಾರದ್ದೂ ಇರಬೇಕೋ ಎಂಬ ತೀರ್ಮಾನ ಸರ್ಕಾರದ ಕೈಯಲ್ಲಿಲ್ಲ, ದಿನವೂ ಬೆಳಿಗ್ಗೆ ಕಸ ಗುಡಿಸುವ ನಮ್ಮ ನಿಮ್ಮ ಮನೆಯವರ ಕೈಯಲ್ಲಿದೆ. ಗುಡಿಸುವ ಕೆಲಸವನ್ನು ಹೆಂಗಸರಿಗೆ ಮಾತ್ರ ಬಿಡದೆ ಗಂಡಸರೂ ಈ ಮೂರು ಚೀಲಗಳ ಲೆಕ್ಕ ಕಲಿಯಲಿ. ಬರುವ ದೀಪಾವಳಿಯಂದು ತಿಪ್ಪೆಯ ಮೇಲೆ ದೀಪ ಇಡುವ ಮೊದಲು, ಅದರ ಮೇಲಿನ ಪ್ಲಾಸ್ಟಿಕ್ಕನ್ನೆಲ್ಲ ಆರಿಸಿ ತೆಗೆಯೋಣ. ಸಂಘ ಚಿರಕಾಲ ಬಾಳಲಿ, ಊರ ಮಣ್ಣೂ ಬಾಳಲಿ.